ಫಾರಂ 10ರಲ್ಲಿ ಬರೆಯುವ ಸಾವು

ಐಸಿಯುನಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದ ವೈದ್ಯರಲ್ಲೂ ಫಾರಂ 10 ತುಂಬಿದವರು ಕಡಿಮೆ. ಮಾನವ ಅಂಗ ಮತ್ತು ಅಂಗಾಂಶ ಕಸಿ ನಿಯಮಗಳು 2014ರಲ್ಲಿ ಬಂದಾಗ ಅವುಗಳ ಜೊತೆಗೆ ಒಂದು ಕಟ್ಟು ನಮೂನೆಗಳೂ ಬಂದವು. ಅದರಲ್ಲಿ ಹತ್ತನೆಯದು, ಮಿದುಳಿನ ಕಾಂಡ, ಅಂದರೆ ಮಿದುಳನ್ನು ಬೆನ್ನುಹುರಿಗೆ ಸೇರಿಸುವ ಬುಡಭಾಗ, ಸತ್ತಿದೆ ಎಂದು ದೃಢೀಕರಿಸುವ ಹಾಳೆ. ಅಪಘಾತ ಆದ ದಿನ ಮತ್ತು ಹೊತ್ತು, ಪ್ರಜ್ಞೆ ಪೂರ್ತಿ ಹೋದ ದಿನ ಮತ್ತು ಹೊತ್ತು, ಆಮೇಲೆ ಒಂದೊಂದೇ ಪರೀಕ್ಷೆಯ ಎದುರು ಎರಡು ಕಾಲಂ: ಮೊದಲ ಸಲ, ಎರಡನೇ ಸಲ. ಕೊನೆಗೆ ನಾಲ್ಕು ಸಹಿ. ಸಹಿ ಬಿದ್ದ ಮೇಲೆ, ಎದೆ ಬಡಿಯುತ್ತಿರುವ, ಮೈ ಬೆಚ್ಚಗಿರುವ, ಯೂರಿನ್ ಬ್ಯಾಗ್ ತುಂಬುತ್ತಿರುವ ಆ ಮನುಷ್ಯ ಕಾನೂನಿನ ಲೆಕ್ಕದಲ್ಲಿ ತೀರಿಕೊಂಡಂತೆ.

ವಿಚಿತ್ರ ಇರುವುದು ಇದರಲ್ಲಲ್ಲ. ಅಂಥದ್ದೇ ಪೆಟ್ಟು ಬಿದ್ದ, ಅದೇ ಸ್ಥಿತಿಗೆ ಬಂದ ಪಕ್ಕದ ಬೆಡ್ಡಿನ ರೋಗಿಗೆ ಈ ಹಾಳೆಯನ್ನು ಯಾರೂ ತುಂಬದೇ ಇರಬಹುದು. ಮನೆಯವರು ದಾನಕ್ಕೆ ಒಲ್ಲೆ ಎಂದಿದ್ದಾರೆ, ಅಥವಾ ಆ ಆಸ್ಪತ್ರೆಯಲ್ಲಿ ಅಂಗದಾನದ ವ್ಯವಸ್ಥೆಯೇ ಇಲ್ಲ. ಹಾಗಾಗಿ ಕೇಸ್ ಶೀಟಿನಲ್ಲಿ ಆತ ಇನ್ನೂ ಬದುಕಿದ್ದಾನೆ. ದಿನದ ಬಿಲ್ಲು ಓಡುತ್ತಿದೆ, ಔಷಧಿ ಚೀಟಿ ಬರುತ್ತಿದೆ. ಒಂದೇ ಸ್ಥಿತಿಯ ಇಬ್ಬರಲ್ಲಿ ಒಬ್ಬ ಮೃತ, ಇನ್ನೊಬ್ಬ ‘ಸೀರಿಯಸ್’. ಅಂಗದಾನದ ಬಗ್ಗೆ ನಮ್ಮ ಜನರಲ್ಲಿರುವ ಅನುಮಾನದ ಬಹುಪಾಲು ಹುಟ್ಟುವುದು ಇಲ್ಲಿ ಎಂದು ನನ್ನ ಅಭಿಪ್ರಾಯ. ಸಾವನ್ನು ಸಾವಿಗಾಗಿ ಘೋಷಿಸದೆ, ಅಂಗ ಬೇಕಾದಾಗ ಮಾತ್ರ ಘೋಷಿಸಿದರೆ, ‘ಕಿಡ್ನಿಗೋಸ್ಕರ ಸಾಯಿಸಿಬಿಟ್ರು’ ಎಂಬ ಮಾತು ಹುಟ್ಟದೇ ಇರುತ್ತದೆಯೇ?

ಮೊದಲು ದೇಹದ ವಿಷಯ. ಹೃದಯಕ್ಕೆ ಬಡಿದುಕೊಳ್ಳಲು ಮಿದುಳಿನ ಅಪ್ಪಣೆ ಬೇಡ. ಬಡಿತ ಹುಟ್ಟಿಸುವ ಗಂಟು ಅದರೊಳಗೇ ಇದೆ. ಆಮ್ಲಜನಕ ಸಿಗುತ್ತಿರುವ ತನಕ ಅದು ನಡೆಯುತ್ತದೆ. ಉಸಿರು ಹಾಗಲ್ಲ. ಮಿದುಳಿನ ಕಾಂಡದ ತಳಭಾಗ, ಮೆಡುಲ್ಲಾ, ಪ್ರತಿ ಉಸಿರಿಗೂ ಆಜ್ಞೆ ಕಳಿಸಬೇಕು. ತಲೆಗೆ ಪೆಟ್ಟು ಬಿದ್ದೋ ರಕ್ತಸ್ರಾವ ಆಗಿಯೋ ಮಿದುಳು ಊದಿಕೊಂಡರೆ ಗಟ್ಟಿ ತಲೆಬುರುಡೆಯೊಳಗೆ ಅದಕ್ಕೆ ಜಾಗ ಸಾಲದು. ಒಳಗಿನ ಒತ್ತಡ ರಕ್ತದೊತ್ತಡವನ್ನು ಮೀರಿತೆಂದರೆ ಮಿದುಳಿಗೆ ರಕ್ತ ಹೋಗುವುದೇ ನಿಲ್ಲುತ್ತದೆ, ಕಾಂಡ ಕೆಳಕ್ಕೆ ತಳ್ಳಲ್ಪಟ್ಟು ನಜ್ಜುಗುಜ್ಜಾಗುತ್ತದೆ. ವೆಂಟಿಲೇಟರ್ ಇಲ್ಲದ ಕಾಲದಲ್ಲಿ ಹೀಗಾದವರು ಕೆಲವೇ ನಿಮಿಷಗಳಲ್ಲಿ ಉಸಿರು ನಿಂತು, ಹಿಂದೆಯೇ ಹೃದಯ ನಿಂತು ಹೋಗುತ್ತಿದ್ದರು. ಈ ಎರಡರ ನಡುವಿನ ಅಂತರವನ್ನು ಹಿಗ್ಗಿಸಿದ್ದು ಯಂತ್ರ.

1959ರಲ್ಲಿ ಪ್ಯಾರಿಸ್ಸಿನ ಮೊಲ್ಲಾರೆ ಮತ್ತು ಗುಲೋನ್ ಎಂಬ ಇಬ್ಬರು ವೈದ್ಯರು ಈ ಸ್ಥಿತಿಯನ್ನು ಮೊದಲು ವಿವರವಾಗಿ ಬರೆದರು. ಕ್ರಿಸ್ಟಿಯಾನ್ ಬರ್ನಾರ್ಡ್ ಕೇಪ್‌ಟೌನಿನಲ್ಲಿ ಮೊದಲ ಹೃದಯ ಕಸಿ ಮಾಡಿದ್ದು 1967ರ ಡಿಸೆಂಬರ್ 3ರಂದು. ಅಂದರೆ ಈ ಸ್ಥಿತಿ ಹೃದಯ ಕಸಿಗಿಂತ ಹಳೆಯದು. ಯಾರೋ ಕಸಿಗಾಗಿ ಕಟ್ಟಿದ ಕಥೆಯಲ್ಲ. ಆದರೆ 1968ರ ಹಾರ್ವರ್ಡ್ ಸಮಿತಿ ಸಾವಿನ ಹೊಸ ಮಾನದಂಡ ಮುಂದಿಟ್ಟಾಗ, ಹಳೆಯ ಮಾನದಂಡದಿಂದ ಅಂಗಗಳನ್ನು ಪಡೆಯಲು ತಕರಾರು ಬರುತ್ತದೆ ಎಂಬ ಕಾರಣವನ್ನೂ ವರದಿಯಲ್ಲೇ ಬರೆದಿತ್ತು. ಅನುಮಾನ ಪಡುವವರ ಬಳಿ ದಾಖಲೆ ಇಲ್ಲವೆಂದಲ್ಲ, ಇದೆ. ಅದನ್ನು ಮುಚ್ಚಿಟ್ಟು ಜಾಗೃತಿ ಮೂಡಿಸಲು ಹೊರಡುವುದು ಬೇಡ.

1976ರಲ್ಲಿ ಬ್ರಿಟನ್ ಮಿದುಳಿನ ಕಾಂಡವನ್ನೇ ಅಳತೆಗೋಲು ಮಾಡಿಕೊಂಡಿತು. 1981ರ ಅಮೆರಿಕದ ಮಾದರಿ ಕಾಯಿದೆ, ಕಾಂಡವೂ ಸೇರಿ ಇಡೀ ಮಿದುಳು ನಿಂತಿರಬೇಕು ಎಂದಿತು. ನಮ್ಮ 1994ರ ಅಂಗ ಕಸಿ ಕಾಯಿದೆ ಬ್ರಿಟನ್ನಿನ ದಾರಿ ಹಿಡಿದಿದೆ. ವಿದೇಶದಲ್ಲಿರುವ ಮಗನೋ ಅಳಿಯನೋ ವಾಟ್ಸಾಪ್ ಕಾಲ್‌ನಲ್ಲಿ ‘ಇಇಜಿ ಮಾಡಿದ್ರಾ? ಆ್ಯಂಜಿಯೊ ಮಾಡಿದ್ರಾ?’ ಎಂದು ಕೇಳಿದಾಗ ಐಸಿಯುನಲ್ಲಿ ಗಲಿಬಿಲಿ ಆಗುವುದು ಈ ವ್ಯತ್ಯಾಸದಿಂದ. ಮಿದುಳಿನ ವಿದ್ಯುತ್ ಚಟುವಟಿಕೆ ನೋಡುವ, ಅದರ ರಕ್ತನಾಳಗಳ ಚಿತ್ರ ತೆಗೆಯುವ ಆ ಪರೀಕ್ಷೆಗಳು ಇಲ್ಲಿ ಕಡ್ಡಾಯವಲ್ಲ. ಅಮೆರಿಕದಲ್ಲೂ ಎಲ್ಲರಿಗೂ ಕಡ್ಡಾಯವಲ್ಲ. ಮುಖ್ಯ ಪರೀಕ್ಷೆಗಳನ್ನು ಪೂರ್ತಿ ಮಾಡಲು ಆಗದಾಗ ಬಳಸುತ್ತಾರೆ. ಇನ್ನು ನ್ಯೂಜೆರ್ಸಿಯಲ್ಲಂತೂ 1991ರಿಂದ, ರೋಗಿಯ ಧಾರ್ಮಿಕ ನಂಬಿಕೆಗೆ ವಿರುದ್ಧವಾದರೆ ಮಿದುಳಿನ ಆಧಾರದ ಮೇಲೆ ಸಾವು ಘೋಷಿಸುವಂತಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ಮೃತಳಾದವಳು ನ್ಯೂಜೆರ್ಸಿಗೆ ಹೋದರೆ ಜೀವಂತ. ಇದು ವಾದಕ್ಕೆ ಹೇಳಿದ ಮಾತಲ್ಲ, 2013ರ ಕೊನೆಯಲ್ಲಿ ಒಬ್ಬ ಹುಡುಗಿಯ ವಿಷಯದಲ್ಲಿ ಶುರುವಾಗಿ ಐದು ವರ್ಷ ಹತ್ತಿರ ಹತ್ತಿರ ನಡೆದ ಸಂಗತಿ.

ಫಾರಂ 10ರಲ್ಲಿ ಜೀವ ಉಳಿಸುವ ಭಾಗ ಯಾವುದು ಎಂದು ಕೇಳಿದರೆ ನಾನು ಪರೀಕ್ಷೆಗಳನ್ನು ತೋರಿಸುವುದಿಲ್ಲ, ಅವುಗಳ ಮೇಲಿರುವ ಸಾಲುಗಳನ್ನು ತೋರಿಸುತ್ತೇನೆ. ಪ್ರಜ್ಞೆ ಹೋಗಲು ವಾಪಸ್ ಬರಬಹುದಾದ ಕಾರಣ ಯಾವುದೂ ಇಲ್ಲ ಎಂದು ಅಲ್ಲಿ ಖಚಿತ ಮಾಡಬೇಕು: ಮದ್ಯ ಅಥವಾ ವಿಷ, ಮಂಪರಿನ ಔಷಧಿ, ಸ್ನಾಯು ಸಡಿಲಿಸುವ ಇಂಜೆಕ್ಷನ್, ಮೈ ತಣ್ಣಗಾಗಿರುವುದು, ರಕ್ತ ಅಥವಾ ದ್ರವ ಕಳೆದುಕೊಂಡ ಆಘಾತ, ಸಕ್ಕರೆ-ಸೋಡಿಯಂ-ಹಾರ್ಮೋನುಗಳ ಏರುಪೇರು. ಜಗತ್ತಿನಲ್ಲಿ ‘ಬ್ರೈನ್ ಡೆಡ್ ಆಗಿದ್ದವನು ಎದ್ದು ಕೂತ’ ಎಂದು ಸುದ್ದಿಯಾದ ಪ್ರಕರಣಗಳನ್ನು ಕೆದಕಿದರೆ ಎಡವಿದ್ದು ಹೆಚ್ಚಾಗಿ ಇಲ್ಲೇ. ಇಲ್ಲವಾದರೆ ಪರೀಕ್ಷೆಯನ್ನೇ ಮಾಡಿರುವುದಿಲ್ಲ, ಯಾರೋ ಬಾಯಿಮಾತಿಗೆ ಹೇಳಿರುತ್ತಾರೆ.

ನಮ್ಮ ಕಡೆಗೆ ಇದು ಇನ್ನೂ ಹತ್ತಿರದ ವಿಷಯ. ಕಟ್ಟುಹಾವು ರಾತ್ರಿ ನೆಲದ ಮೇಲೆ ಮಲಗಿದವರಿಗೆ ಕಚ್ಚುತ್ತದೆ. ನೋವು ಅಷ್ಟಾಗಿ ಇರುವುದಿಲ್ಲ, ಹಲ್ಲಿನ ಗುರುತು ಕಾಣದೇ ಇರಬಹುದು. ಬೆಳಗಿನ ಹೊತ್ತಿಗೆ ಹೊಟ್ಟೆನೋವು, ರೆಪ್ಪೆ ಜೋತುಬಿದ್ದಿದೆ, ಆಮೇಲೆ ಕೈಕಾಲು ಸೋತು ಉಸಿರು ನಿಂತಿದೆ. ವೆಂಟಿಲೇಟರಿಗೆ ಹಾಕಿದ ಮೇಲೆ ನೋಡಿದರೆ ಪಾಪೆ ಅಗಲವಾಗಿ ಬೆಳಕಿಗೆ ಅಲುಗದೆ ನಿಂತಿರಬಹುದು, ಕೆಮ್ಮಿಲ್ಲ, ಚಿವುಟಿದರೆ ಚಲನೆಯಿಲ್ಲ. ಫಾರಂ 10ರ ಕಾಲಂ ಒಂದೊಂದಾಗಿ ತುಂಬುತ್ತಾ ಹೋದರೆ ಈತನೂ ‘ಮೃತ’. ಆದರೆ ವಿಷ ಹಿಡಿದಿರುವುದು ನರ-ಸ್ನಾಯುಗಳ ಸಂಧಿಯನ್ನು. ಮಿದುಳು ಸರಿಯಾಗಿದೆ, ಕೆಲವೊಮ್ಮೆ ಆತನಿಗೆ ಸುತ್ತಲಿನ ಮಾತು ಕೇಳಿಸುತ್ತಲೂ ಇರುತ್ತದೆ. ಕೆಲವು ದಿನ ಉಸಿರು ಕೊಟ್ಟು ಕಾದರೆ ಎದ್ದು ಮನೆಗೆ ನಡೆದು ಹೋಗುತ್ತಾನೆ. ಬೆಳೆಗೆ ಹೊಡೆಯುವ ಕ್ರಿಮಿನಾಶಕ ಕುಡಿದವರಲ್ಲಿ, ನರಗಳು ಸೋಲುವ ಗೀಲನ್-ಬಾರೆ ಕಾಯಿಲೆ ತೀವ್ರವಾದಾಗ, ಸ್ನಾಯು ಬಿಗಿತಕ್ಕೆ ಕೊಡುವ ಬ್ಯಾಕ್ಲೊಫೆನ್ ಮಾತ್ರೆ ಮಿತಿಮೀರಿ ನುಂಗಿದವರಲ್ಲಿ ಇದೇ ಮೋಸ.

ಆದ್ದರಿಂದ ಮೊದಲ ನಿಯಮ: ಕಾರಣ ಗೊತ್ತಿರಬೇಕು, ಆ ಕಾರಣ ಇಷ್ಟೊಂದು ಹಾನಿ ಮಾಡಬಲ್ಲದು ಎಂದು ಸಿಟಿ ಸ್ಕ್ಯಾನ್ ತೋರಿಸಬೇಕು. ಸ್ಕ್ಯಾನ್ ನಾರ್ಮಲ್ ಇದ್ದು ರೋಗಿ ಮಿಸುಕದೆ ಮಲಗಿದ್ದರೆ ಫಾರಂ 10 ಕಡೆ ಕೈ ಹಾಕಲೇಬಾರದು. ಎರಡನೆಯದು ಔಷಧಿ. ಮಂಪರಿಗೆ, ನೋವಿಗೆ ಕೊಡುವ ಮಿಡಾಜೊಲಾಮ್, ಫೆಂಟನಿಲ್ ಹನಿ ನಿಲ್ಲಿಸಿ ಎಷ್ಟು ಹೊತ್ತಾಯಿತು? ಸಾಮಾನ್ಯ ಲೆಕ್ಕ, ಔಷಧಿಯ ಅರ್ಧಾಯುಷ್ಯದ (ರಕ್ತದಲ್ಲಿ ಅದರ ಪ್ರಮಾಣ ಅರ್ಧಕ್ಕೆ ಇಳಿಯಲು ಬೇಕಾದ ಹೊತ್ತಿನ) ಐದು ಪಟ್ಟು ಕಾಯುವುದು. ಕಿಡ್ನಿ, ಲಿವರ್ ಕೆಟ್ಟಿದ್ದರೆ ಅಥವಾ ಮೈ ತಂಪು ಮಾಡುವ ಚಿಕಿತ್ಸೆ ಕೊಟ್ಟಿದ್ದರೆ ಅದಕ್ಕೂ ಹೆಚ್ಚು. ಪ್ರಜ್ಞೆ ತಪ್ಪಿಸುವ ಥಯೋಪೆಂಟೋನ್ ಕೊಟ್ಟಿದ್ದರಂತೂ ದಿನಗಟ್ಟಲೆ ಮೈಯಲ್ಲಿ ಉಳಿಯುತ್ತದೆ. ಸ್ನಾಯು ಸಡಿಲಿಸುವ ಔಷಧಿ ಇಳಿದಿದೆಯೇ ಎಂದು ತಿಳಿಯಲು ಮಣಿಕಟ್ಟಿನ ಬಳಿ ನರಕ್ಕೆ ನಾಲ್ಕು ಸಣ್ಣ ವಿದ್ಯುತ್ ಸ್ಪಂದನ ಕೊಡುವ ಪುಟ್ಟ ಯಂತ್ರ ಸಾಕು: ಹೆಬ್ಬೆರಳು ನಾಲ್ಕು ಸಲ ಅದುರಿದರೆ ಔಷಧಿ ಇಳಿದಿದೆ. ಅರಿವಳಿಕೆ ವೈದ್ಯರ ಬಳಿ ಇದು ಇರುತ್ತದೆ, ಐಸಿಯುಗೆ ತರಿಸಿಕೊಳ್ಳುವವರು ಕಡಿಮೆ. ಹೃದಯ ನಿಂತು ಮತ್ತೆ ಶುರುವಾದ ರೋಗಿಯಾದರೆ ಕನಿಷ್ಠ 24 ಗಂಟೆ ಸುಮ್ಮನಿರಬೇಕು.

ಫಾರಂ ಅಂಕಿ ಹೇಳುವುದಿಲ್ಲ, ಆದರೆ ಪರೀಕ್ಷೆಗೆ ಮುಂಚೆ ಮೈಶಾಖ 36 ಡಿಗ್ರಿ ಸೆಲ್ಸಿಯಸ್‌ಗೆ ಕಡಿಮೆ ಇರಬಾರದು, ಮೇಲಿನ ಬಿಪಿ 100ರ ಮೇಲಿರಬೇಕು ಎಂಬುದು ಒಪ್ಪಿತ ಪದ್ಧತಿ. ಇದು ಹೇಳಿದಷ್ಟು ಸುಲಭವಲ್ಲ. ಮಿದುಳು ಸತ್ತಾಗ ಮೂತ್ರ ತಡೆಯುವ ಹಾರ್ಮೋನು ನಿಂತು, ಗಂಟೆಗೆ 300 ಮಿಲಿ ಲೀಟರಿಗಿಂತ ಹೆಚ್ಚು ಮೂತ್ರ ಹೋಗಬಹುದು. ಸೋಡಿಯಂ 160 ದಾಟುತ್ತದೆ, ಬಿಪಿ ಬೀಳುತ್ತದೆ, ಮೈ ತಣ್ಣಗಾಗುತ್ತದೆ. ಮೂತ್ರ ತಗ್ಗಿಸುವ, ಬಿಪಿ ಏರಿಸುವ ವಾಸೊಪ್ರೆಸಿನ್, ನಾರ್‌ಅಡ್ರಿನಲಿನ್, ಬಿಸಿಗಾಳಿ ಹೊದಿಕೆ ಎಲ್ಲ ಹಾಕಿ ಆತನನ್ನು ‘ಸರಿ’ ಮಾಡಿಕೊಂಡ ಮೇಲಷ್ಟೇ ಸತ್ತಿದ್ದಾನೆಯೇ ಎಂದು ನೋಡಬಹುದು. ‘ಸತ್ತಿದಾರೆ ಅಂತೀರಿ, ಮತ್ತೆ ಇಷ್ಟೆಲ್ಲಾ ಇಂಜೆಕ್ಷನ್ ಯಾಕೆ ಡಾಕ್ಟ್ರೇ’ ಎಂದು ಮನೆಯವರು ಕೇಳುವುದು ಸಹಜ. ಉತ್ತರ ಇದು: ಪರೀಕ್ಷೆ ಮುಗಿಯುವ ತನಕ ಆತ ರೋಗಿ, ರೋಗಿಗೆ ಕೊಡಬೇಕಾದ್ದನ್ನು ಕೊಡಲೇಬೇಕು.

ಪರೀಕ್ಷೆ ಮೇಲಿಂದ ಕೆಳಕ್ಕೆ, ಕಾಂಡದ ಒಂದೊಂದು ಹಂತವನ್ನು ಮುಟ್ಟುತ್ತಾ ಹೋಗುತ್ತದೆ. ಹುಬ್ಬಿನ ಮೂಳೆಯ ಅಂಚನ್ನು ಬಲವಾಗಿ ಒತ್ತಿ ಮುಖದಲ್ಲಿ ಕಿವುಚುವಿಕೆ ಇದೆಯೇ ನೋಡುವುದು. ಪಾಪೆಗೆ ಪ್ರಖರ ಬೆಳಕು. ಹಿಂದೆ ಕ್ಯಾಟರಾಕ್ಟ್ ಆಪರೇಷನ್ ಆಗಿದ್ದರೆ, ಕಣ್ಣಿಗೇ ಪೆಟ್ಟು ಬಿದ್ದಿದ್ದರೆ ಈ ಉತ್ತರ ನಂಬುವಂತಿಲ್ಲ. ಹತ್ತಿಯ ಎಳೆಯಿಂದ ಕಣ್ಣಿನ ಕರಿಗುಡ್ಡೆಯ ಮೇಲ್ಪದರ ಮುಟ್ಟುವುದು. ತಲೆಯನ್ನು ಅತ್ತಿತ್ತ ತಿರುಗಿಸಿ ಕಣ್ಣು ಎದುರು ದಿಕ್ಕಿಗೆ ಸರಿಯುತ್ತದೆಯೇ ನೋಡುವುದು. ಕುತ್ತಿಗೆ ಮೂಳೆ ಮುರಿದ ಅನುಮಾನ ಇದ್ದರೆ ಇದನ್ನು ಮಾಡಬಾರದು. ತಲೆಯನ್ನು 30 ಡಿಗ್ರಿ ಎತ್ತಿ, ಕಿವಿಗೆ ಸುಮಾರು 50 ಮಿಲಿ ಲೀಟರ್ ಐಸ್ ನೀರು ಬಿಟ್ಟು ಒಂದು ನಿಮಿಷ ಕಣ್ಣನ್ನೇ ದಿಟ್ಟಿಸುವುದು. ಐದು ನಿಮಿಷ ಬಿಟ್ಟು ಇನ್ನೊಂದು ಕಿವಿ. ಇಲ್ಲಿ ಆಗುವ ಎಡವಟ್ಟು ತೀರಾ ಸಣ್ಣದು: ಕಿವಿಯಲ್ಲಿ ಗುಗ್ಗೆ ಕಟ್ಟಿಕೊಂಡಿದ್ದರೆ ನೀರು ತಮಟೆಗೆ ತಾಗುವುದೇ ಇಲ್ಲ, ‘ಪ್ರತಿಕ್ರಿಯೆ ಇಲ್ಲ’ ಎಂದು ಬರೆದಾಗಿರುತ್ತದೆ. ಮೊದಲು ಕಿವಿಯೊಳಗೆ ನೋಡಬೇಕು. ಆಮೇಲೆ ಗಂಟಲು ಕೆದಕುವುದು, ಉಸಿರ್ನಾಳದ ಆಳಕ್ಕೆ ಸಕ್ಷನ್ ನಳಿಕೆ ಇಳಿಸಿ ಕೆಮ್ಮು ಬರುತ್ತದೆಯೇ ನೋಡುವುದು.

ಎಲ್ಲಕ್ಕಿಂತ ಕೊನೆಯದು ಆಪ್ನಿಯಾ ಪರೀಕ್ಷೆ, ಅಂದರೆ ಯಂತ್ರ ಕಳಚಿದಾಗ ರೋಗಿ ತಾನೇ ಉಸಿರೆಳೆಯುತ್ತಾನೆಯೇ ಎಂದು ನೋಡುವುದು. ಕೊನೆಗೇ ಇರಬೇಕಾದ್ದಕ್ಕೆ ಕಾರಣ ಇದೆ. ಈ ಪರೀಕ್ಷೆಯಲ್ಲಿ ರಕ್ತದ ಇಂಗಾಲದ ಡೈಆಕ್ಸೈಡನ್ನು ಬೇಕೆಂದೇ ಏರಿಸುತ್ತಾರೆ. ಅದು ಏರಿದರೆ ಮಿದುಳಿನ ರಕ್ತನಾಳಗಳು ಹಿಗ್ಗಿ ತಲೆಯೊಳಗಿನ ಒತ್ತಡ ಇನ್ನಷ್ಟು ಹೆಚ್ಚುತ್ತದೆ. ಮಿದುಳಿನಲ್ಲಿ ಕಿಂಚಿತ್ತು ಜೀವ ಉಳಿದಿದ್ದರೆ ಅದಕ್ಕೇ ಇದು ಕುತ್ತು ತರಬಹುದು. ಬೇರೊಂದು ಪ್ರತಿಕ್ರಿಯೆ ಉಳಿದಿದ್ದರೂ ಇದನ್ನು ಮಾಡಕೂಡದು. ಇದಕ್ಕೆ ಮನೆಯವರ ಪ್ರತ್ಯೇಕ ಒಪ್ಪಿಗೆ ಬೇಕೇ ಎಂಬ ವಾದ ಅಮೆರಿಕದ ಕೋರ್ಟುಗಳ ತನಕ ಹೋಗಿದೆ. ನಮ್ಮ ನಿಯಮಗಳು ಒಪ್ಪಿಗೆ ಕೇಳಿ ಎಂದೂ ಹೇಳಿಲ್ಲ, ಬೇಡ ಎಂದೂ ಹೇಳಿಲ್ಲ. ಸಹಿ ಬೇಡದಿದ್ದರೂ, ಏನು ಮಾಡುತ್ತೇವೆ ಎಂದು ಮುಂಚಿತವಾಗಿ ಹೇಳುವುದು ಮಾತ್ರ ಬಿಡಬಾರದು.

ಮಾಡುವ ಕ್ರಮ: ಹತ್ತು ನಿಮಿಷ ನೂರಕ್ಕೆ ನೂರು ಆಮ್ಲಜನಕ. ರಕ್ತ ತೆಗೆದು ಎಬಿಜಿ (ರಕ್ತದಲ್ಲಿನ ಅನಿಲಗಳ ಪರೀಕ್ಷೆ) ಮಾಡಿ ಕಾರ್ಬನ್ ಡೈಆಕ್ಸೈಡ್ 35ರಿಂದ 45ರ ನಡುವೆ ಇದೆ ಎಂದು ನೋಡಿಕೊಳ್ಳುವುದು. ವೆಂಟಿಲೇಟರ್ ಕಳಚಿ, ಉಸಿರಿನ ಟ್ಯೂಬಿನೊಳಗೆ ತೆಳು ನಳಿಕೆ ಇಳಿಸಿ ನಿಮಿಷಕ್ಕೆ 6 ಲೀಟರ್ ಆಮ್ಲಜನಕ. ಎದೆ, ಹೊಟ್ಟೆಯ ಮೇಲಿನ ಬಟ್ಟೆ ಸರಿಸಿ, ಎಂಟರಿಂದ ಹತ್ತು ನಿಮಿಷ ಕಣ್ಣು ಕೀಳದೆ ನೋಡುವುದು. ಮತ್ತೆ ಎಬಿಜಿ. ಡೈಆಕ್ಸೈಡ್ 60 ಮುಟ್ಟಿದ್ದು, ಮೊದಲಿಗಿಂತ 20 ಏರಿದ್ದು, ಆ ಹೊತ್ತಿಗೂ ಎದೆ ಒಂದು ಸಲವೂ ಏಳಲಿಲ್ಲ ಎಂದರೆ ಕಾಂಡದಲ್ಲಿ ಉಸಿರಿನ ಆಜ್ಞೆ ಉಳಿದಿಲ್ಲ. ಡೈಆಕ್ಸೈಡ್ ನಿಮಿಷಕ್ಕೆ ಹೆಚ್ಚು ಕಡಿಮೆ 3ರಂತೆ ಏರುವುದರಿಂದ ಮೂರು-ನಾಲ್ಕು ನಿಮಿಷಕ್ಕೆ ಮುಗಿಸಿ ‘ಉಸಿರಿಲ್ಲ’ ಎಂದು ಬರೆದರೆ ಆ ಬರಹಕ್ಕೆ ಬೆಲೆಯಿಲ್ಲ. ಮಧ್ಯೆ ಬಿಪಿ 90ಕ್ಕಿಂತ ಕೆಳಗಿಳಿದರೆ, ಆಮ್ಲಜನಕದ ಮಟ್ಟ 85ಕ್ಕಿಂತ ಕೆಳಗೆ ನಿಂತುಬಿಟ್ಟರೆ, ಹೃದಯದ ಲಯ ಕೆಟ್ಟರೆ ಪರೀಕ್ಷೆ ಅಲ್ಲಿಗೇ ನಿಲ್ಲಿಸಿ ವೆಂಟಿಲೇಟರ್ ಜೋಡಿಸಬೇಕು.

ಕೆಡುವುದು ಹೀಗೆ: ನಳಿಕೆ ದಪ್ಪವಿದ್ದು ಟ್ಯೂಬಿನಲ್ಲಿ ಬಿಗಿಯಾಗಿ ಕೂತರೆ ಗಾಳಿ ಹೊರಬರಲಾಗದೆ ಶ್ವಾಸಕೋಶ ಒಡೆಯುತ್ತದೆ. ಕಳಚುವುದು ಬೇಡವೆಂದು ವೆಂಟಿಲೇಟರಿನಲ್ಲೇ, ರೋಗಿಯೇ ಉಸಿರೆಳೆಯಬೇಕಾದ ಸಿಪಾಪ್‌ಗೆ ಹಾಕಿದರೆ, ಉಸಿರು ಕಾಣದ ಕೆಲವು ಸೆಕೆಂಡುಗಳಲ್ಲಿ ಯಂತ್ರವೇ ಬ್ಯಾಕಪ್ ಉಸಿರು ಕೊಟ್ಟುಬಿಡುತ್ತದೆ. ರೋಗಿಯ ಉಸಿರನ್ನು ಗುರುತಿಸುವ ಟ್ರಿಗರ್ ತೀರಾ ಸೂಕ್ಷ್ಮಕ್ಕಿಟ್ಟಿದ್ದರೆ ಹೃದಯದ ಬಡಿತದ ಅಲುಗಾಟವನ್ನೇ ಯಂತ್ರ ಉಸಿರೆಂದು ಎಣಿಸಿ ‘ರೋಗಿ ತಾನೇ ಉಸಿರೆಳೆದ’ ಎಂದು ಪರದೆಯಲ್ಲಿ ತೋರಿಸುತ್ತದೆ. ಅದನ್ನು ನೋಡಿದ ನರ್ಸ್ ಮನೆಯವರಿಗೆ ‘ಸ್ವಲ್ಪ ಉಸಿರಾಡ್ತಿದಾರೆ’ ಎಂದರೆ ಮುಗಿಯಿತು. ವರ್ಷಗಟ್ಟಲೆ ಬೀಡಿ ಸೇದಿ ಶ್ವಾಸಕೋಶ ಹಾಳಾದವರಲ್ಲಿ ಮೊದಲೇ ಡೈಆಕ್ಸೈಡ್ ಜಾಸ್ತಿ, 60 ಎಂಬ ಗೆರೆಗೆ ಅರ್ಥ ಇರುವುದಿಲ್ಲ. ಕುತ್ತಿಗೆಯ ಮೇಲ್ಭಾಗದ ಬೆನ್ನುಹುರಿ ತುಂಡಾಗಿದ್ದರೆ ಮಿದುಳು ಆಜ್ಞೆ ಕೊಟ್ಟರೂ ಎದೆ ಏಳದು. ಇಂಥವರ ಬಗ್ಗೆ ಫಾರಂ 10ರಲ್ಲಿ ಬದಲಿ ಪರೀಕ್ಷೆಗೆ ಜಾಗವಿಲ್ಲ. ಆಗ ದೃಢೀಕರಿಸದೆ ಬಿಡುವುದೇ ಸರಿ.

ಇನ್ನೊಂದು ವಿಷಯವನ್ನು ಮನೆಯವರಿಗೆ ಮುಂಚೆಯೇ ಹೇಳದೇ ಹೋದರೆ ಆಮೇಲೆ ಎಷ್ಟು ಹೇಳಿದರೂ ನಂಬುವುದಿಲ್ಲ. ಮಿದುಳು ಸತ್ತರೂ ಬೆನ್ನುಹುರಿಗೆ ರಕ್ತ ಹೋಗುತ್ತಿರುತ್ತದೆ. ಪಾದದ ಬೆರಳು ಅಲುಗಬಹುದು, ಮಂಡಿ ಮಡಚಬಹುದು, ಅಪರೂಪಕ್ಕೆ ಎರಡೂ ಕೈ ಎದ್ದು ಎದೆಯ ಮೇಲೆ ಬಂದು ಬೀಳಬಹುದು, ಅದೂ ವೆಂಟಿಲೇಟರ್ ಕಳಚಿದ ಹೊತ್ತಿಗೇ. ಮಗ ಕೈ ಎತ್ತಿದ ಎಂದು ತಾಯಿ ಕೂಗಿದರೆ ಆಕೆ ಕಂಡದ್ದು ಸುಳ್ಳಲ್ಲ. ಅದು ಬೆನ್ನುಹುರಿಯ ಮಟ್ಟದ ಚಲನೆ, ಮುಖದಲ್ಲಿ ಚಲನೆ ಇದ್ದರೆ ಮಾತ್ರ ಲೆಕ್ಕ ಬೇರೆ ಎಂದು ಪರೀಕ್ಷೆಗೆ ಮೊದಲೇ ತಿಳಿಸಿದ್ದರೆ ಒಂದು ಮಾತು.

ಸಹಿ ಹಾಕುವವರು ನಾಲ್ವರು: ಆಸ್ಪತ್ರೆಯ ಮುಖ್ಯಸ್ಥ ವೈದ್ಯರು, ಸಕ್ಷಮ ಪ್ರಾಧಿಕಾರ ಒಪ್ಪಿದ ಪಟ್ಟಿಯಿಂದ ಒಬ್ಬ ಸ್ವತಂತ್ರ ತಜ್ಞರು, ಅದೇ ಪಟ್ಟಿಯ ನರರೋಗ ತಜ್ಞ ಅಥವಾ ನರಶಸ್ತ್ರಚಿಕಿತ್ಸಕರು, ಮತ್ತು ರೋಗಿಯನ್ನು ನೋಡಿಕೊಳ್ಳುತ್ತಿರುವ ವೈದ್ಯರು. ನರತಜ್ಞರು ಸಿಗದ ಊರುಗಳಿಗಾಗಿ 1994ರ ಕಾಯಿದೆಯ 2011ರ ತಿದ್ದುಪಡಿ ಫಿಸಿಶಿಯನ್ ಅಥವಾ ಸರ್ಜನ್, ಜೊತೆಗೆ ಅರಿವಳಿಕೆ ಅಥವಾ ತೀವ್ರನಿಗಾ ತಜ್ಞರಿಗೆ ಅವಕಾಶ ಕೊಟ್ಟಿತು. ಕಸಿ ತಂಡದವರು ಈ ಕೆಲಸದ ಹತ್ತಿರ ಸುಳಿಯಬಾರದು. ಎರಡು ಪರೀಕ್ಷೆಗಳ ನಡುವೆ ದೊಡ್ಡವರಲ್ಲಿ ಕನಿಷ್ಠ 6 ಗಂಟೆ. ಮಕ್ಕಳಲ್ಲಿ ತಜ್ಞರ ಅಭಿಪ್ರಾಯದಂತೆ ಇನ್ನೂ ಹೆಚ್ಚು. ಕಾಗದದ ಮೇಲೆ ಇದು ಗಟ್ಟಿ ವ್ಯವಸ್ಥೆ. ಆದರೆ ನಾಲ್ಕು ಸಹಿಯೂ ಒಂದೇ ಆಸ್ಪತ್ರೆಯ ಸಂಬಳದವರದ್ದಾದರೆ ಹೊರಗಿನವರ ಕಣ್ಣಿಗೆ ಗಟ್ಟಿ ಕಾಣುವುದಿಲ್ಲ. ಕೇರಳ ಸರ್ಕಾರ 2018ರಲ್ಲಿ, ನಾಲ್ವರಲ್ಲಿ ಒಬ್ಬರು ಸರ್ಕಾರಿ ವೈದ್ಯರಿರಬೇಕು, ಪರೀಕ್ಷೆಯ ವಿಡಿಯೊ ಇರಬೇಕು ಎಂದದ್ದು ಈ ಕಾರಣಕ್ಕೆ. ಇದರಿಂದ ತಡವಾಗುತ್ತದೆ ಎಂದು ಗೊಣಗಿದವರಿದ್ದಾರೆ. ವಿಡಿಯೊ ಇದ್ದರೆ ನಾಳೆ ಕೋರ್ಟಿನಲ್ಲಿ ಮೊದಲು ಉಳಿಯುವವರು ವೈದ್ಯರೇ. ಅನುಮತಿಯಿಲ್ಲದೆ ಅಂಗ ತೆಗೆದರೆ ಹತ್ತು ವರ್ಷದ ತನಕ ಸೆರೆ, 20 ಲಕ್ಷ ರೂಪಾಯಿ ತನಕ ದಂಡ ಇದೆ.

ಈಗ ಕಾನೂನಿನ ಬಿರುಕಿಗೆ ಬರೋಣ. 1994ರ ಕಾಯಿದೆ ‘ಮೃತ ವ್ಯಕ್ತಿ’ ಎಂದರೆ ಮಿದುಳಿನ ಕಾಂಡದ ಸಾವಿನಿಂದಾಗಲೀ ಹೃದಯ-ಶ್ವಾಸಕೋಶದ ಅರ್ಥದಲ್ಲಾಗಲೀ ಜೀವದ ಎಲ್ಲ ಲಕ್ಷಣಗಳು ಶಾಶ್ವತವಾಗಿ ಹೋದವನು ಎನ್ನುತ್ತದೆ. ಅದು ಆ ಕಾಯಿದೆಯ ಮಟ್ಟಿಗಿನ ವ್ಯಾಖ್ಯೆ. 1969ರ ಜನನ ಮರಣ ನೋಂದಣಿ ಕಾಯಿದೆ ‘ಜೀವದ ಎಲ್ಲ ಲಕ್ಷಣಗಳ ಶಾಶ್ವತ ಕಣ್ಮರೆ’ ಎಂದು ನಿಲ್ಲಿಸುತ್ತದೆ, ಮಿದುಳಿನ ಮಾತೇ ಇಲ್ಲ. ದಶಕಗಳ ಕಾಲ ಪ್ರಜ್ಞೆಯಿಲ್ಲದೆ ಮಲಗಿದ್ದ ಮುಂಬೈ ನರ್ಸ್ ಅರುಣಾ ಶಾನಭಾಗ್ ಕುರಿತ 2011ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಮಿದುಳಿನ ಸಾವನ್ನು ಚರ್ಚಿಸಿತು, ಆಕೆ ಆ ಸ್ಥಿತಿಯಲ್ಲಿಲ್ಲ ಎಂದಿತು. ಆದರೆ ವ್ಯಾಖ್ಯೆಯನ್ನು ಎಲ್ಲ ಕಾನೂನುಗಳಿಗೂ ಹಿಗ್ಗಿಸುವ ಕೆಲಸ ಸಂಸತ್ತಿನದು, ಅದು ಆಗಿಲ್ಲ.

ಹಾಗಾಗಿ ಮನೆಯವರು ದಾನ ಬೇಡ ಎಂದ ಕ್ಷಣ ವೈದ್ಯರ ಕೈ ಕಟ್ಟಿಹೋಗುತ್ತದೆ. ವೆಂಟಿಲೇಟರ್ ತೆಗೆಯಲು ಧೈರ್ಯವಿಲ್ಲ, ಮುಂದುವರಿಸಲು ಅರ್ಥವಿಲ್ಲ. ಆಮೇಲೆ ನಡೆಯುವುದು ನಮ್ಮ ಊರುಗಳಲ್ಲಿ ಎಲ್ಲರೂ ಕಂಡಿರುವಂಥದ್ದು. ‘ಇನ್ನೇನೂ ಮಾಡೋಕಾಗಲ್ಲ, ಮನೆಗೆ ಕರ್ಕೊಂಡ್ ಹೋಗಿ’ ಎನ್ನುತ್ತಾರೆ. ವೈದ್ಯರ ಸಲಹೆಗೆ ವಿರುದ್ಧವಾಗಿ ಕರೆದೊಯ್ಯುತ್ತಿದ್ದೇವೆ ಎಂಬ ಕಾಗದಕ್ಕೆ ಮನೆಯವರಿಂದಲೇ ಸಹಿ. ಆಂಬುಲೆನ್ಸಿನಲ್ಲಿ ತಮ್ಮನೋ ಭಾವಮೈದನೋ ಊರು ಮುಟ್ಟುವ ತನಕ, ಉಸಿರು ಕೊಡುವ ಅಂಬು ಬ್ಯಾಗ್ ಕೈಯಿಂದ ಒತ್ತುತ್ತಾ ಕೂರುತ್ತಾನೆ. ಮನೆಯ ಜಗಲಿಯಲ್ಲಿ ಒತ್ತುವುದನ್ನು ನಿಲ್ಲಿಸುವವನೂ ಅವನೇ. ನಾಲ್ವರು ತಜ್ಞರು ಸಹಿ ಮಾಡಿ ಹೊರಬೇಕಾದ ಹೊಣೆಯನ್ನು ಒಬ್ಬ ಹುಡುಗನ ಕೈಗೆ ಕೊಟ್ಟು ಕಳಿಸುವುದು ನೀತಿಯೇ? ಈ ಬರಹದಲ್ಲಿ ನನಗೆ ಸಿಟ್ಟು ಬರುವ ಜಾಗ ಇದೊಂದೇ.

2020ರಲ್ಲಿ ಕೇರಳ, ದಾನ ಇರಲಿ ಬಿಡಲಿ ಮಿದುಳಿನ ಕಾಂಡದ ಸಾವನ್ನು ದೃಢೀಕರಿಸುವ ಕ್ರಮವನ್ನು ಆದೇಶದ ಮೂಲಕ ಹೊರಡಿಸಿತು. 2024ರಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ಹೊರಡಿಸಿದ ಕರಡು ಮಾರ್ಗಸೂಚಿಯಲ್ಲೂ, ಜೀವಾಧಾರ ತೆಗೆಯಬಹುದಾದ ಸ್ಥಿತಿಗಳಲ್ಲಿ ಇದನ್ನು ಸೇರಿಸಲಾಗಿದೆ. ಸರಿಯಾದ ದಾರಿ ಇದೇ: ಮೊದಲು ಎಲ್ಲರಿಗೂ ದೃಢೀಕರಣ, ದಾನದ ಪ್ರಶ್ನೆ ಆಮೇಲೆ.

ಪ್ರಶ್ನೆ ಕೇಳುವುದಕ್ಕೂ ಒಂದು ಕ್ರಮ ಇದೆ. 2011ರ ತಿದ್ದುಪಡಿಯ ಪ್ರಕಾರ ದಾನದ ಅವಕಾಶ ಇದೆ ಎಂದು ತಿಳಿಸುವುದು ನೋಂದಾಯಿತ ಆಸ್ಪತ್ರೆಯ ಕರ್ತವ್ಯ. ಆದರೆ ಮೊದಲ ಪರೀಕ್ಷೆ ಮುಗಿದ ಕೂಡಲೇ ಮನೆಯವರ ಒಪ್ಪಿಗೆಯ ಫಾರಂ 8 ಹಿಡಿದು ಹೋದರೆ ಕೆಲಸ ಕೆಟ್ಟಿತು. ಸಾವಿನ ಸುದ್ದಿಯನ್ನು ಚಿಕಿತ್ಸೆ ಕೊಟ್ಟ ವೈದ್ಯರು ಹೇಳಬೇಕು, ಕೂರಿಸಿ, ‘ತೀರಿಕೊಂಡಿದ್ದಾರೆ’ ಎಂಬ ಪದ ಬಳಸಿಯೇ. ‘ಮಷಿನ್ ಮೇಲೆ ಬದುಕಿಸಿ ಇಟ್ಟಿದೀವಿ’ ಎಂದರೆ, ಹಾಗಾದರೆ ಇಟ್ಟಿರಿ ಎನ್ನುವುದು ನ್ಯಾಯವಾದ ಉತ್ತರ. ಆ ಸುದ್ದಿ ಇಳಿದ ಮೇಲೆ, ಬೇರೆ ಹೊತ್ತಿನಲ್ಲಿ, ಬೇರೆ ವ್ಯಕ್ತಿ, ಅಂದರೆ ಕಸಿ ಸಂಯೋಜಕರು, ದಾನದ ಮಾತೆತ್ತಬೇಕು. ಆಪ್ನಿಯಾ ಪರೀಕ್ಷೆಯನ್ನು ನೋಡುತ್ತೀರಾ ಎಂದು ಮನೆಯ ಒಬ್ಬರನ್ನು ಕೇಳುವ ಪದ್ಧತಿ ಕೆಲವೆಡೆ ಇದೆ. ಹತ್ತು ನಿಮಿಷ ಎದೆ ಏಳದ್ದನ್ನು ಕಣ್ಣಾರೆ ಕಂಡವರಿಗೆ ಮತ್ತೆ ವಿವರಣೆ ಬೇಕಾಗುವುದಿಲ್ಲ. ಎಲ್ಲರಿಂದಲೂ ಅದನ್ನು ನೋಡಲಾಗದು ಎಂಬುದೂ ನಿಜ.

ಒಪ್ಪಿಗೆ ಯಾರದ್ದು? ಹತ್ತಿರದ ಸಂಬಂಧಿಗಳ ಪಟ್ಟಿಯಲ್ಲಿ ಹೆಂಡತಿ, ಗಂಡ, ಮಕ್ಕಳು, ಅಪ್ಪ ಅಮ್ಮ, ಒಡಹುಟ್ಟಿದವರು, ಅಜ್ಜ ಅಜ್ಜಿ, ಮೊಮ್ಮಕ್ಕಳು ಎಲ್ಲರೂ ಇದ್ದಾರೆ. ಅವರಲ್ಲಿ ಯಾರ ಮಾತು ಮೇಲು ಎಂದು ಬರೆದಿಲ್ಲ. ಹೆಂಡತಿ ಹೂಂ ಎಂದು, ಗಂಡನ ಅಣ್ಣ ಬೇಡ ಎಂದರೆ ಸಂಯೋಜಕರು ಹಿಂದೆ ಸರಿಯುವುದೇ ರೂಢಿ. ಸತ್ತವರೇ ಬದುಕಿದ್ದಾಗ ಫಾರಂ 7ರಲ್ಲಿ ಬರೆದುಕೊಟ್ಟಿದ್ದರೂ ನಡೆಯುವುದು ಹೀಗೇ. ಇನ್ನು ರಾಜ್‌ಕುಮಾರ್ ಮತ್ತು ಪುನೀತ್ ಅವರ ನೇತ್ರದಾನದಿಂದ ಕನ್ನಡಿಗರಿಗೆ ಪರಿಚಯವಾದ ಕಣ್ಣಿನ ದಾನಕ್ಕೆ ಮನೆಯವರ ಒಪ್ಪಿಗೆ ಬೇಕೇ ಹೊರತು ಫಾರಂ 10ರ ರಗಳೆ ಇಲ್ಲ. ಅದು ಹೃದಯ ನಿಂತ ಮೇಲೆ, ಆರು ಗಂಟೆಯೊಳಗೆ, ಮನೆಯಲ್ಲೇ ಆಗುತ್ತದೆ.

ರಸ್ತೆ ಅಪಘಾತದ ಪ್ರಕರಣವಾದರೆ ಪೊಲೀಸರೂ ಬರುತ್ತಾರೆ. ನಿಯಮದಂತೆ ಠಾಣಾಧಿಕಾರಿಗೆ ಕೋರಿಕೆ, ಅದರ ಪ್ರತಿ ಮರಣೋತ್ತರ ಪರೀಕ್ಷೆ ಮಾಡುವ ವೈದ್ಯರಿಗೆ. ಅಂಗ ತೆಗೆಯುವುದರಿಂದ ಸಾವಿನ ಕಾರಣ ಅಳಿಸಿಹೋಗಬಾರದು; ತೆಗೆದ ಅಂಗಗಳ ಸ್ಥಿತಿಯನ್ನು ಶಸ್ತ್ರವೈದ್ಯರು ಬರೆದುಕೊಡಬೇಕು, ಅದು ಮರಣೋತ್ತರ ವರದಿಗೆ ಸೇರಬೇಕು. 2021ರ ನವೆಂಬರ್‌ನಲ್ಲಿ ಕೇಂದ್ರ ಸರ್ಕಾರ ಸೂರ್ಯಾಸ್ತದ ನಂತರವೂ ಮರಣೋತ್ತರ ಪರೀಕ್ಷೆಗೆ ಅನುಮತಿ ಕೊಟ್ಟ ಮೇಲೆ ಕಾಯುವಿಕೆ ತಗ್ಗಿದೆ. ‘ನನ್ನ ಕಕ್ಷಿದಾರನ ಗಾಡಿ ಗುದ್ದಿದ್ದರಿಂದಲ್ಲ, ಅಂಗ ತೆಗೆದಿದ್ದರಿಂದ ಸತ್ತ’ ಎಂಬ ವಾದ ಬಂದಾಗ ಫಾರಂ 10ರ ಹೊತ್ತು, ಎಬಿಜಿ ಯಂತ್ರದ ಮುದ್ರಿತ ಚೀಟಿಯ ಹೊತ್ತು ಒಂದಕ್ಕೊಂದು ತಾಳೆಯಾಗಬೇಕು.

ಸಾವಿನ ಹೊತ್ತು ಯಾವುದು? ಎರಡನೇ ಸಲದ ಪರೀಕ್ಷೆ ಮುಗಿದು ದೃಢೀಕರಣವಾದ ಸಮಯ. ಆಪರೇಷನ್ ಥಿಯೇಟರಿನಲ್ಲಿ ಹೃದಯ ನಿಂತ ಸಮಯವಲ್ಲ. ಕೆಲವು ಆಸ್ಪತ್ರೆಗಳ ಮರಣ ಪತ್ರದಲ್ಲಿ ಈ ಎರಡನೆಯದು ನುಸುಳಿ, ವಿಮೆಯವರ ಮುಂದೆ ಮನೆಯವರು ಪರದಾಡುತ್ತಾರೆ. ನಟ ಸಂಚಾರಿ ವಿಜಯ್ ಅವರ ವಿಷಯದಲ್ಲಿ 2021ರ ಜೂನ್ 14ರಂದೇ ಶ್ರದ್ಧಾಂಜಲಿಗಳು ಹರಿದಾಡಿದವು. ಅಧಿಕೃತವಾಗಿ ನಿಧನರಾದದ್ದು 15ರ ಬೆಳಗಿನ ಜಾವ. ವೈದ್ಯರು ಮಿದುಳು ಕೆಲಸ ಮಾಡುತ್ತಿಲ್ಲ ಎನ್ನುವುದಕ್ಕೂ ಸಹಿ ಹಾಕುವ ನಾಲ್ವರ ಮಂಡಳಿ ದೃಢೀಕರಿಸುವುದಕ್ಕೂ ನಡುವಿನ ಆ ಗಂಟೆಗಳನ್ನು ಸುದ್ದಿವಾಹಿನಿಗಳು ದಾಟಿಬಿಡುತ್ತವೆ. ದೃಢೀಕರಣದ ನಂತರ ದೇಹ ಕಾಪಾಡುವ, ಅಂಗ ತೆಗೆಯುವ, ಸಾಗಿಸುವ ಖರ್ಚು ದಾನಿಯ ಮನೆಯವರ ಮೇಲೆ ಬೀಳಕೂಡದು ಎಂದು ನಿಯಮ ಇದೆ. ಅಂತಿಮ ಬಿಲ್ಲಿನಲ್ಲಿ ಆ ಹೊತ್ತಿನ ನಂತರದ ಸಾಲುಗಳಿವೆಯೇ ಎಂದು ಯಾರಾದರೂ ಒಬ್ಬರು ಕೂತು ನೋಡಬೇಕು.

ಕರ್ನಾಟಕದಲ್ಲಿ 2007ರಿಂದ ಅಂಗ ಹಂಚಿಕೆಯ ಸಮಿತಿ ಇದೆ, ಈಗ ‘ಜೀವಸಾರ್ಥಕತೆ’ ಹೆಸರಿನಲ್ಲಿ ನಡೆಯುತ್ತಿದೆ. 2023ರಲ್ಲಿ ರಾಜ್ಯದಲ್ಲಿ 178 ಮೃತ ದಾನಿಗಳಿದ್ದರು, ಸಂಖ್ಯೆಯಲ್ಲಿ ದೇಶದ ಮುಂಚೂಣಿಯಲ್ಲೇ ಇದ್ದೇವೆ. 2025ರ ಜನವರಿ 30ರಂದು ರಾಜ್ಯ ಸರ್ಕಾರ, ಘನತೆಯಿಂದ ಸಾಯುವ ಹಕ್ಕಿನ ಕುರಿತ ಸುಪ್ರೀಂ ಕೋರ್ಟ್ ತೀರ್ಪನ್ನು ಜಾರಿಗೆ ತರಲು ಸುತ್ತೋಲೆ ಹೊರಡಿಸಿತು. ಫಾರಂ 10ಕ್ಕೆ ಸಹಿ ಹಾಕಲು ಅರ್ಹರಾದ ತಜ್ಞರನ್ನೇ ಜೀವಾಧಾರ ತೆಗೆಯಲು ಒಪ್ಪಬೇಕಾದ ಎರಡು ವೈದ್ಯ ಮಂಡಳಿಗಳಲ್ಲಿ ಎರಡನೆಯದಕ್ಕೆ ನಾಮನಿರ್ದೇಶನ ಮಾಡಬಹುದು ಎಂದೂ ಅದರಲ್ಲಿದೆ. ಈಗ ದಾನಕ್ಕೆ ಒಲ್ಲೆ ಎಂದ ಕುಟುಂಬದ ಮುಂದೆ ಕಾನೂನುಬದ್ಧ ದಾರಿ ಒಂದಿದೆ: ಪ್ರಾಥಮಿಕ ಮಂಡಳಿ, ಎರಡನೇ ಮಂಡಳಿ, ಮನೆಯವರ ಒಪ್ಪಿಗೆ, ಮ್ಯಾಜಿಸ್ಟ್ರೇಟರಿಗೆ ಮಾಹಿತಿ, ಆಮೇಲೆ ವೆಂಟಿಲೇಟರ್ ತೆಗೆಯುವುದು. ಗುಣವಾಗದ ಕಾಯಿಲೆಯಿಂದ ಸಾಯುತ್ತಿರುವ, ಅಂದರೆ ಇನ್ನೂ ಬದುಕಿರುವ ರೋಗಿಗಾಗಿ ಮಾಡಿದ ದಾರಿ ಅದು. 1994ರ ಕಾಯಿದೆ ಆಗಲೇ ಮೃತ ಎಂದು ಕರೆಯಬಹುದಾದ ಮನುಷ್ಯನನ್ನು, ಮನೆಯವರು ದಾನ ಬೇಡ ಎಂದ ಒಂದೇ ಕಾರಣಕ್ಕೆ, ಸಾಯಲು ಬಿಡಿ ಎಂದು ಎರಡು ಮಂಡಳಿಗಳ ಅಪ್ಪಣೆ ಕೇಳುವ ಸಾಲಿನಲ್ಲಿ ನಿಲ್ಲಿಸಿದ್ದೇವೆ.